ದಡ ಕಾಣದ ಕಡೆಗೊಂದು ಟಿಕೆಟ್

ಕೋವಿಗೆ ಲೈಸೆನ್ಸ್ ಬೇಡವೆಂಬ ವಿನಾಯಿತಿಯನ್ನು ಬ್ರಿಟಿಷರ ಕಾಲದಿಂದ ಕಾಪಾಡಿಕೊಂಡು ಬಂದ ಜಿಲ್ಲೆ ನಮ್ಮ ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಹಡಗಿನ ವಿಷಯದಲ್ಲಿ ಮಾತ್ರ ಯಾರಿಗೂ ಇಂಥ ರಿಯಾಯಿತಿ ಇಲ್ಲ. ಪಟ್ಟಾಳಕ್ಕೆ ಹೋಗದೆ ಮರ್ಚೆಂಟ್ ನೇವಿ ಸೇರಿದ ನಮ್ಮ ಹುಡುಗರ ಬದುಕು ಪೂರಾ ಲೈಸೆನ್ಸಿನ ಮೇಲೆಯೇ ನಿಂತಿರುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ಟಿಕೆಟ್’. ಸರ್ಕಾರದ ಕಾಗದದಲ್ಲಿ ಅದು ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸಿ, ಅಂದರೆ ಸಿಒಸಿ.

ಕಡಲಿನ ಬಗ್ಗೆ ವಾರವಾರ ಬರೆಯುವವನೆಂದು ಅಂಥ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪಂದಿರು, ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಇವನ ಹತ್ತಿರ ಎನ್‌ಸಿವಿ ಟಿಕೆಟ್ ಇದೆ. ಎಫ್‌ಜಿ ಮಾಡಿಸಬೇಕಾ?’

ಎನ್‌ಸಿವಿ ಎಂದರೆ ನಿಯರ್ ಕೋಸ್ಟಲ್ ವಾಯೇಜ್, ಕರಾವಳಿಯ ಸಮೀಪದ ಯಾನ. ಎಫ್‌ಜಿ ಎಂದರೆ ಫಾರಿನ್ ಗೋಯಿಂಗ್. ಮೊದಲನೆಯದರಲ್ಲಿ ಹಡಗಿನ ಗಾತ್ರಕ್ಕೂ ಅದು ಓಡಾಡುವ ನೀರಿಗೂ ಮಿತಿ ಉಂಟು. ಎರಡನೆಯದರಲ್ಲಿ ಆ ಗೆರೆ ಇಲ್ಲ. ಈ ಭೇದ ಹೊಸತಲ್ಲ. 1958ರ ನಮ್ಮ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ ‘ಹೋಮ್ ಟ್ರೇಡ್’ ಹಡಗು ಎಂಬ ವರ್ಗವಿತ್ತು: 3,000 ಟನ್ ಮೀರದ, ಭಾರತದ ಬಂದರುಗಳ ನಡುವೆ ಇಲ್ಲವೇ ಇಲ್ಲಿಂದ ಸಿಲೋನ್, ಮಾಲ್ಡೀವ್ಸ್, ಬರ್ಮಾ, ಮಲಯ, ಸಿಂಗಾಪುರದವರೆಗೆ ಓಡುವ ಹಡಗು. ಸಿಂಗಾಪುರ ‘ಹೋಮ್’ ಹೇಗಾಯಿತೆಂದು ಕೇಳಬೇಡಿ. ಆ ನಕ್ಷೆ ಬರೆದದ್ದು ಸಾಮ್ರಾಜ್ಯದ ಲೆಕ್ಕದಲ್ಲಿ. ಈಗ ಇದೆಲ್ಲ ನಡೆಯುವುದು 1978ರ ಎಸ್‌ಟಿಸಿಡಬ್ಲ್ಯು ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ. 2010ರಲ್ಲಿ ಮನಿಲಾದಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ‘ಕರಾವಳಿಯ ಸಮೀಪ’ ಎಂದರೆ ಎಷ್ಟು ದೂರ ಎಂಬುದನ್ನು ಮಾತ್ರ ಆಯಾ ದೇಶಕ್ಕೇ ಬಿಟ್ಟಿದ್ದಾರೆ.

ಎಫ್‌ಜಿ ಮಾಡಿಕೊಳ್ಳುವುದನ್ನು ಬಡ್ತಿ ಎಂದು ನೋಡುವವರು ಮೋಸ ಹೋಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ಅದು ಬೇರೆಯೇ ಒಂದು ವಿದ್ಯೆ.

ಕರಾವಳಿಯ ಕಪ್ತಾನ ನೆಲವನ್ನು ಓದುತ್ತಾನೆ. 1901ರಿಂದ ಉರಿಯುತ್ತಿರುವ ಕಾಪು ದೀಪಸ್ತಂಭ, ಕುದುರೆಮುಖದ ಶಿಖರ, ಕಣ್ಣೂರಿನ ಎಳಿಮಲೆ, ಇವೆಲ್ಲ ಅವನ ಗುರುತುಗಳು. ನಮ್ಮ ತಡಿಯಂಡಮೋಳನ್ನೂ ಈ ಸಾಲಿಗೆ ಸೇರಿಸುವ ಆಸೆಯಿಂದ ಒಮ್ಮೆ ಲೆಕ್ಕ ಹಾಕಿದ್ದೆ. ಎತ್ತರ 1,748 ಮೀಟರ್. ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 2.08ರಿಂದ ಗುಣಿಸಿದರೆ ದಿಗಂತ ಎಷ್ಟು ನಾಟಿಕಲ್ ಮೈಲಿ ದೂರವೆಂದು ಸಿಗುತ್ತದೆ. ಉತ್ತರ 87 ಮೈಲಿ, ಅಂದರೆ ಸುಮಾರು 160 ಕಿ.ಮೀ. ಬೆಟ್ಟದಿಂದ ಕಡಲ ದಂಡೆಗೆ ಹೆಚ್ಚುಕಡಿಮೆ 50 ಕಿ.ಮೀ. ಅದನ್ನು ಕಳೆದರೂ, ದಂಡೆಯಿಂದ ನೂರು ಕಿ.ಮೀ. ಆಚೆ ಇರುವ ಹಡಗಿಗೆ ತಡಿಯಂಡಮೋಳಿನ ನೆತ್ತಿ ಕಾಣಬೇಕು! ಮಂಜು, ಮೋಡ, ಧೂಳು ಬಿಡುವುದಿಲ್ಲ ಎನ್ನಿ. ಗಣಿತ ಮಾತ್ರ ಸರಿ.

ಬೆಟ್ಟವೂ ದೀಪವೂ ಮುಳುಗಿದ ಮೇಲೆ ಏನು ಮಾಡುತ್ತೀಯ? ದೊಡ್ಡ ಟಿಕೆಟ್ ಕೇಳುವುದು ಇದನ್ನೇ. ಎಸ್‌ಟಿಸಿಡಬ್ಲ್ಯುವಿನಲ್ಲಿ 500 ಟನ್ನಿಗಿಂತ ಕೆಳಗಿನ ಕರಾವಳಿ ಹಡಗಿನ ಅಧಿಕಾರಿಗೆ ನಕ್ಷತ್ರ ನೋಡಿ ಸ್ಥಾನ ಹಿಡಿಯುವ ಪರೀಕ್ಷೆ ಇಲ್ಲ. ಸಾಗರಯಾನಿಗೆ ಇದೆ. ಜಿಪಿಎಸ್ ಇರುವಾಗ ಸೆಕ್ಸ್‌ಟಂಟ್ ಏಕೆಂದು ಎಲ್ಲರೂ ಗೊಣಗುತ್ತಾರೆ. ಆದರೆ ಜಿಪಿಎಸ್ ಸಿಗ್ನಲ್ಲಿಗೆ ಬೇಕೆಂತಲೇ ಅಡ್ಡಿ ಮಾಡುವ ಕಡಲುಗಳು ಈಗ ಹೆಚ್ಚುತ್ತಿವೆ, ಗೊಣಗಾಟ ಸ್ವಲ್ಪ ತಗ್ಗಿದೆ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಉತ್ತರಕ್ಕೆ ನೋಡಿ: ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 12 ಡಿಗ್ರಿ ಎತ್ತರದಲ್ಲಿರುತ್ತದೆ. ನಮ್ಮ ಅಕ್ಷಾಂಶವೂ ಸುಮಾರು ಅಷ್ಟೇ. ಪಾಠ ಶುರುವಾಗುವುದು ಅಲ್ಲಿಂದ.

ಇನ್ನೊಂದು, ಚಂಡಮಾರುತದ ವಿದ್ಯೆ. ಅರಬ್ಬಿ ಸಮುದ್ರದಲ್ಲಿ ಮಾತ್ರ ಓಡಾಡಿದವನಿಗೆ ಗೊತ್ತಿರುವುದು ಒಂದೇ ಪಾಠ: ಗಾಳಿ ಎಡಸುತ್ತು, ಚಂಡಮಾರುತ ಸಾಗುವ ದಾರಿಯ ಬಲಭಾಗ ಅಪಾಯ. ಭೂಮಧ್ಯರೇಖೆ ದಾಟಿದ ಮೇಲೆ ಅದು ತಲೆಕೆಳಗು. ಅಲ್ಲಿ ಎಡಭಾಗ ಕೊಲ್ಲುತ್ತದೆ. ಹಳೆಯ ಪಾಠದ ಅಭ್ಯಾಸದಲ್ಲಿ ಚುಕ್ಕಾಣಿ ತಿರುಗಿಸಿದರೆ ಮುಗಿಯಿತು.

ಹಾಗೆಂದು ಎನ್‌ಸಿವಿಯವರನ್ನು ಕೀಳಾಗಿ ಕಾಣುವ ಎಫ್‌ಜಿ ಜಂಭ ನನಗೆ ಸೇರುವುದಿಲ್ಲ. ಹಡಗು ನೆಲಕ್ಕೆ ಬಡಿಯುವುದು ದಡದಲ್ಲಿ, ನಡುಗಡಲಿನಲ್ಲಲ್ಲ. ಮೀನುದೋಣಿಗಳ ಗುಂಪು, ಬಲೆ, ಮರಳ ದಿಬ್ಬ, ಮಳೆಗಾಲದ ಅಳಿವೆ ಎಲ್ಲವೂ ಅಲ್ಲೇ. ಹೆದ್ದಾರಿಯಲ್ಲಿ ಐನೂರು ಕಿ.ಮೀ. ಓಡಿಸಿದವನಿಗಿಂತ ಜುಲೈ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಸಿದವನ ಕೈಯ ಮೇಲೆ ನನಗೆ ನಂಬಿಕೆ ಹೆಚ್ಚು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಜಲ್ಲಿ, ತರಕಾರಿ ಒಯ್ಯುವ ಮಂಜಿಗಳ ನಾಯಕರಾದ ತಾಂಡೇಲರ ಮುಂದೆ ದೊಡ್ಡ ಹಡಗಿನ ಅನೇಕ ಅಧಿಕಾರಿಗಳು ಕೈಕಟ್ಟಿ ಕೂತು ಕಲಿಯಬೇಕು. 2020ರ ಜುಲೈ 25ರಂದು ಮಾರಿಷಸ್ಸಿನ ಹವಳದ ದಿಬ್ಬಕ್ಕೆ ಬಡಿದ ‘ವಕಾಶಿಯೊ’ ಸುಮಾರು 300 ಮೀಟರ್ ಉದ್ದದ ಹಡಗು. ಬ್ರಿಜ್ಜಿನಲ್ಲಿದ್ದವರ ಬಳಿ ದೊಡ್ಡ ಟಿಕೆಟ್ಟೇ ಇತ್ತು. ಮೊಬೈಲ್ ಸಿಗ್ನಲ್ ಸಿಗಲೆಂದು ದಡದ ಹತ್ತಿರಕ್ಕೆ ಬಂದಿದ್ದರೆಂಬುದು ತನಿಖೆಯಲ್ಲಿ ಹೊರಬಿತ್ತು. ಸುಮಾರು ಸಾವಿರ ಟನ್ ಎಣ್ಣೆ ಕಡಲಿಗೆ ಹರಿಯಿತು.

ಹಾಗಾದರೆ ಎಫ್‌ಜಿ ಬೇಕೇ? ಮೂವತ್ತೈದರೊಳಗಿನವರಾದರೆ, ಮನೆಯಿಂದ ತಿಂಗಳುಗಟ್ಟಲೆ ದೂರವಿರಲು ಒಪ್ಪಿಗೆಯಿದ್ದರೆ, ಬೇಕು. ಸಂಬಳಕ್ಕಿಂತ ಮುಖ್ಯವಾಗಿ, ಕರಾವಳಿ ಹಡಗುಗಳ ಕೆಲಸ ಕುಸಿದ ವರ್ಷವೂ ಆ ಟಿಕೆಟ್ ಅನ್ನ ಹಾಕುತ್ತದೆ. ಐವತ್ತರ ಹತ್ತಿರ ಬಂದ, ತೋಟವೂ ಇರುವ ಮಾಸ್ಟರ್, ಅಂದರೆ ಕಪ್ತಾನ, ಒಬ್ಬರು ಕೇಳಿದರೆ ‘ಬೇಡ, ಇದ್ದದ್ದರಲ್ಲೇ ಚೆನ್ನಾಗಿರಿ’ ಎನ್ನುತ್ತೇನೆ.

ದಾರಿ ಉದ್ದ. ಒಪ್ಪಂದದ ಮೂಲ ಲೆಕ್ಕ ಹೀಗಿದೆ: ತರಬೇತಿ ಯೋಜನೆಯೊಳಗೆ 12 ತಿಂಗಳು, ಇಲ್ಲವೇ ಅದಿಲ್ಲದೆ 36 ತಿಂಗಳು ಕಡಲಲ್ಲಿದ್ದರೆ ವಾಚ್ ಅಧಿಕಾರಿ, ಹಾಗೆ 12 ತಿಂಗಳು ದುಡಿದರೆ ಚೀಫ್ ಮೇಟ್, ಮಾಸ್ಟರ್ ಆಗಲು 36 ತಿಂಗಳು, ಅದರಲ್ಲಿ 12 ತಿಂಗಳು ಚೀಫ್ ಮೇಟ್ ಆಗಿದ್ದರೆ 24 ಸಾಕು. ಇದರ ಮೇಲೆ ನಮ್ಮ ಡಿಜಿ ಶಿಪ್ಪಿಂಗ್ ತನ್ನ ಷರತ್ತು ಸೇರಿಸುತ್ತದೆ, ಸುತ್ತೋಲೆಯಿಂದ ಸುತ್ತೋಲೆಗೆ ಬದಲಿಸುತ್ತಲೂ ಇರುತ್ತದೆ.

ಇಷ್ಟಾದ ಮೇಲೆ ಓರಲ್ಸ್. ಬರಹದ ಪರೀಕ್ಷೆಯನ್ನು ಓದಿ ದಾಟಬಹುದು, ಓರಲ್ಸ್‌ನಲ್ಲಿ ಎದುರಿಗೆ ಹಳೆಯ ಮಾಸ್ಟರ್ ಕೂತಿರುತ್ತಾರೆ. ಮೇಜಿನ ಮೇಲೆ ಪುಟ್ಟ ಹಡಗಿನ ಮಾದರಿ ಇಟ್ಟು ‘ರಾತ್ರಿ, ನಿಮ್ಮ ಬಲಕ್ಕೆ ಕೆಂಪು ದೀಪ, ಏನು ಮಾಡುತ್ತೀರಿ?’ ಎನ್ನುತ್ತಾರೆ. ದಾರಿ ಬಿಡಬೇಕಾದವರು ನೀವು. ಉತ್ತರ ಎಲ್ಲರಿಗೂ ಗೊತ್ತು, ನಾಲಿಗೆ ಮಾತ್ರ ಒಣಗುತ್ತದೆ. ಡಿಕ್ಕಿ ತಪ್ಪಿಸುವ 1972ರ ಆ ನಿಯಮಗಳು ಎನ್‌ಸಿವಿಗೂ ಎಫ್‌ಜಿಗೂ ಒಂದೇ. ಅಲ್ಲಿ ಎಡವಿದರೆ ಕರಾವಳಿಯ ಅನುಭವಕ್ಕೇ ಅವಮಾನ. ಫೇಲಾದರೆ ಮಾತ್ರ ಕುಗ್ಗಬೇಡಿ. ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಕೂಡ ಮಾಸ್ಟರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, 1886ರಲ್ಲಿ ಎರಡನೇ ಸಲಕ್ಕೆ ಪಾಸಾದವನು.

ಹುಡುಗರು ನಿಜವಾಗಿ ಕೆಡುವುದು ಪರೀಕ್ಷೆಯಲ್ಲಲ್ಲ, ಕಾಗದದಲ್ಲಿ. ನಾವಿಕನ ಸೇವಾ ದಾಖಲೆಯಾದ ಸಿಡಿಸಿ ಪುಸ್ತಕದಲ್ಲಿ ಹತ್ತಿದ-ಇಳಿದ ತಾರೀಕು ಬಿದ್ದರೆ ಸಾಕೆಂದುಕೊಳ್ಳುತ್ತಾರೆ. ಯಾವ ಹುದ್ದೆಯಲ್ಲಿ, ಎಷ್ಟು ಟನ್ನಿನ ಹಡಗಿನಲ್ಲಿ, ಎಲ್ಲಿಂದ ಎಲ್ಲಿಗೆ, ಬ್ರಿಜ್ಜಿನಲ್ಲಿ ಎಷ್ಟು ತಿಂಗಳು ವಾಚ್ ಎಂಬ ಸೀ ಟೈಮ್ ಪತ್ರ ಇಲ್ಲದಿದ್ದರೆ ಆ ದುಡಿಮೆಯನ್ನು ಅರ್ಜಿಯಲ್ಲಿ ತೋರಿಸುವುದು ಕಷ್ಟ. ಮೂರು ವರ್ಷ ಬಿಟ್ಟು ಕೇಳಹೋದರೆ ಕಂಪನಿಯೇ ಮುಚ್ಚಿರಬಹುದು, ಹಡಗು ಗುಜರಿಗೆ ಹೋಗಿರಬಹುದು. ಆದ್ದರಿಂದ, ಈಗ ಕಡಲಲ್ಲಿರುವ ಮಕ್ಕಳಿಗೆ ಇವತ್ತೇ ವಾಟ್ಸಾಪ್ ಮಾಡಿ: ಹಡಗಿನಿಂದ ಇಳಿಯುವ ಮೊದಲು ಕ್ಯಾಪ್ಟನ್ನರ ಸಹಿ, ಹಡಗಿನ ಮೊಹರು ಎರಡನ್ನೂ ಹಾಕಿಸಿಕೊಂಡೇ ಗ್ಯಾಂಗ್‌ವೇ ಇಳಿಯಲಿ.