ಸುರಪುರ ಸೀಮೆಯ ಚರಿತ್ರೆ: ತಿಂಥಣಿಯನ್ನು ಎದುರಿಗಿರಿಸಿಕೊಂಡು ಗ್ರಂಥಗಳ ಆಯ್ಕೆ

ಒಂದು ಸೀಮೆಯ ಚರಿತ್ರೆಯನ್ನು ತಿಳಿಯಬಯಸುವವರಿಗೆ ಯಾವ ಗ್ರಂಥಗಳನ್ನು, ಯಾವ ಕ್ರಮದಲ್ಲಿ ಓದಲು ಸೂಚಿಸಬೇಕು ಎಂಬುದು ಮೇಲ್ನೋಟಕ್ಕೆ ಗ್ರಂಥಾಲಯದ ವ್ಯವಹಾರವಾಗಿ ತೋರುತ್ತದೆ. ಆದರೆ ಮೊದಲು ಓದಿದ ಗ್ರಂಥವೇ ಮುಂದಿನ ಓದಿನ ಪ್ರಶ್ನೆಗಳನ್ನು ರೂಪಿಸಿಕೊಡುವುದರಿಂದ ಇದು ವಿಮರ್ಶೆಯ ಪ್ರಶ್ನೆಯೂ ಆಗುತ್ತದೆ. ಸುರಪುರ ಸೀಮೆಯ ವಿಷಯದಲ್ಲಿ ಈ ಮಾತು ಹೆಚ್ಚು ಸತ್ಯ. ಭಾರತದ ಸಾಮಾನ್ಯ ಇತಿಹಾಸ ಗ್ರಂಥಗಳಲ್ಲಿ ಈ ಸೀಮೆ ಕಾಣಿಸಿಕೊಳ್ಳುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ: 1705ರ ವಾಗಣಗೇರಾ ಮುತ್ತಿಗೆ ಮತ್ತು 1858ರ ಬಂಡಾಯ. ಎರಡನ್ನೂ ವಿಸ್ತಾರವಾಗಿ ಬರೆದಿಟ್ಟವರು ಕೋಟೆಯ ಹೊರಗೆ ನಿಂತವರು.

ಇದೇ ಸೀಮೆಯಲ್ಲಿ ಕೃಷ್ಣಾ ನದಿಯ ದಡದಲ್ಲಿ ತಿಂಥಣಿಯಿದೆ. ಆದಿಲಶಾಹಿ ಕಾಲದ ಅನುಭಾವಿ ಮೌನೇಶ್ವರರ ನೆಲೆ ಇದು. ಸುರಪುರದ ಸಮೀಪದ ದೇವರಗೋನಾಲದಲ್ಲಿ ಪಾಂಚಾಳ ಮನೆತನದಲ್ಲಿ ಹುಟ್ಟಿ, ವಚನಗಳನ್ನು ರಚಿಸಿ, ತಿಂಥಣಿಯಲ್ಲಿ ಸಮಾಧಿಸ್ಥರಾದರೆಂದು ಪರಂಪರೆ ಹೇಳುವ ಈ ಸಂತರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಜಾತ್ರೆಯ ಜಯಘೋಷದಲ್ಲಿ ಪೀರ ಮತ್ತು ಈಶ್ವರ ಒಂದೇ ಉಸಿರಿನಲ್ಲಿ ಬರುತ್ತಾರೆ. ಮುತ್ತಿಗೆ, ಕಪ್ಪಕಾಣಿಕೆ, ಒಪ್ಪಂದಗಳನ್ನೇ ಎಣಿಸುವ ಇತಿಹಾಸಕ್ಕೆ ಇಂಥ ಸ್ಥಳದಲ್ಲಿ ದಾಖಲಿಸಬೇಕಾದದ್ದು ಏನೂ ಕಾಣುವುದಿಲ್ಲ. ಆದ್ದರಿಂದ ಈ ಸೀಮೆಯ ಬಗೆಗಿನ ಯಾವುದೇ ಗ್ರಂಥವನ್ನು ತೂಗಿನೋಡಲು ತಿಂಥಣಿ ಒಳ್ಳೆಯ ಒರೆಗಲ್ಲು: ಗ್ರಂಥವು ಇಲ್ಲಿಯ ಜನರನ್ನು ಬದುಕಿದವರೆಂದು ಕಾಣುತ್ತದೆಯೋ, ಅಡಗಿಸಬೇಕಾದವರೆಂದು ಮಾತ್ರ ಕಾಣುತ್ತದೆಯೋ?

1705ರ ಮುತ್ತಿಗೆಗೆ ಜದುನಾಥ ಸರ್ಕಾರರ ಔರಂಗಜೇಬನ ಇತಿಹಾಸದ ಐದನೆಯ ಸಂಪುಟ (1924) ಇಂದಿಗೂ ಅನಿವಾರ್ಯ. ಎಂಬತ್ತಾರರ ವಯಸ್ಸಿನ ಚಕ್ರವರ್ತಿ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಫೆಬ್ರವರಿಯಲ್ಲಿ ಆರಂಭವಾಗಿ ಏಪ್ರಿಲ್ ಕೊನೆಯಲ್ಲಿ ಕೋಟೆ ವಶವಾಗುವ ಹೊತ್ತಿಗೆ ನಾಯಕ ಪಿಡ್ಡನಾಯಕ ರಾತ್ರಿಯಲ್ಲಿ ತಪ್ಪಿಸಿಕೊಂಡು ಹೋಗಿದ್ದ. ಅನಂತರ ಬಾದಶಹನು ಕೃಷ್ಣೆಯ ಬಳಿಯ ದೇವಾಪುರದಲ್ಲಿ ಸುಮಾರು ಅರ್ಧ ವರ್ಷ ಬೀಡುಬಿಟ್ಟು, ಅಲ್ಲಿಯೇ ಕಾಯಿಲೆ ಬಿದ್ದ. ಸರ್ಕಾರರು ಈ ಎಲ್ಲವನ್ನೂ ಫಾರಸಿ ಆಕರಗಳಿಂದ ಕೂಡಿಸಿ, ದಿನಾಂಕಗಳನ್ನು ಖಚಿತಪಡಿಸಿ ಬರೆಯುತ್ತಾರೆ. ಅವರ ಶ್ರಮವನ್ನು ಮೀರಿದ ಕೆಲಸ ಆಮೇಲೆ ಹೆಚ್ಚು ನಡೆದಿಲ್ಲ.

ಆದರೆ ಆಕರದ ಭಾಷೆ ಗ್ರಂಥದ ಭಾಷೆಯೊಳಗೆ ನುಸುಳಿದೆ. ಸಾಕಿ ಮುಸ್ತೈದ್ ಖಾನ್, ಖಾಫಿ ಖಾನ್ ಮೊದಲಾದವರಿಗೆ ಬೇಡರು ದರೋಡೆಕೋರರು. ಸರ್ಕಾರರ ವಿವರಣೆಯೂ ಆ ಹೆಸರಿನಿಂದ ಬಹಳ ದೂರ ಹೋಗುವುದಿಲ್ಲ. ಬಂದೂಕಿನ ಗುರಿಗೂ ರಾತ್ರಿಯ ದಾಳಿಗೂ ಹೆಸರಾದ ಈ ಕಾಲಾಳುಗಳ ಶೌರ್ಯವನ್ನು ಅವರು ಮನಸಾರೆ ಮೆಚ್ಚುತ್ತಾರೆ, ನಿಜ. ಮೆಚ್ಚುಗೆ ಇರುವಲ್ಲಿಯೂ ಇವರು ಯಾವ ನೆಲವನ್ನು ಉತ್ತರು, ಯಾವ ದೇವರಿಗೆ ನಡೆದುಕೊಂಡರು ಎಂಬ ಪ್ರಶ್ನೆ ಏಳುವುದಿಲ್ಲ. ಸರ್ಕಾರರೇ ಇಂಗ್ಲಿಷಿಗೆ ಅನುವಾದಿಸಿದ ‘ಮಆಸಿರ್-ಇ-ಆಲಂಗೀರಿ’ಯನ್ನು (1947) ಪಕ್ಕದಲ್ಲಿಟ್ಟುಕೊಂಡು ಓದುವವನಿಗೆ ಬೈಗುಳ ಎಲ್ಲಿಂದ ಬಂತು ಎಂಬುದು ಸ್ಪಷ್ಟವಾಗುತ್ತದೆ. ಗ್ರಂಥಾಲಯಗಳು ಇವೆರಡನ್ನೂ ಒಂದೇ ಕಪಾಟಿನಲ್ಲಿ ಇಡುವುದು ಒಳಿತು.

ಸುರಪುರದ ಬಗ್ಗೆ ಅತ್ಯಂತ ಹೆಚ್ಚು ಓದಲ್ಪಟ್ಟಿರುವ, ಅತ್ಯಂತ ಹೆಚ್ಚು ಶಿಫಾರಸು ಪಡೆಯುವ ಗ್ರಂಥ ಫಿಲಿಪ್ ಮೆಡೋಸ್ ಟೇಲರನ ಆತ್ಮಚರಿತ್ರೆ ‘ದಿ ಸ್ಟೋರಿ ಆಫ್ ಮೈ ಲೈಫ್’. ಅದು ಲೇಖಕನ ಮರಣಾನಂತರ, 1877ರಲ್ಲಿ ಮಗಳು ಆಲಿಸ್‌ಳ ಸಂಪಾದಕತ್ವದಲ್ಲಿ ಹೊರಬಂದಿತು. 1840ರ ದಶಕದ ಆರಂಭದಿಂದ 1853ರವರೆಗೆ ಟೇಲರ್ ಸುರಪುರದಲ್ಲಿ ರಾಜಕೀಯ ಏಜೆಂಟನಾಗಿದ್ದ. ರಾಣಿ ಈಶ್ವರಮ್ಮ ಮತ್ತು ಆಸ್ಥಾನದ ಒಳಜಗಳಗಳು, ಕಂದಾಯದ ವ್ಯವಸ್ಥೆ, ಬೋನಾಳ ಕೆರೆಯ ಕೆಲಸ, ತನ್ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ ಬಾಲ ಅರಸ ವೆಂಕಟಪ್ಪ ನಾಯಕ ಇವೆಲ್ಲ ಅವನ ಬರಹದಲ್ಲಿ ಕಣ್ಣಿಗೆ ಕಟ್ಟುತ್ತವೆ. ಅವನಿಗೆ ಈ ಜನರ ಮೇಲೆ ನಿಜವಾದ ಪ್ರೀತಿಯಿತ್ತು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವನ ಹೆಸರನ್ನೇ ಹೊತ್ತಿರುವುದು ಅಕಾರಣವಲ್ಲ.

ತೊಂದರೆ ಇರುವುದು ಪ್ರೀತಿಯಲ್ಲಿ ಅಲ್ಲ, ಕಥನದ ಕಟ್ಟಿನಲ್ಲಿ. ಟೇಲರ್ ವೃತ್ತಿಯಿಂದ ಅಧಿಕಾರಿ, ಪ್ರತಿಭೆಯಿಂದ ಕಾದಂಬರಿಕಾರ. ಥಗ್ಗನೊಬ್ಬನ ನಿವೇದನೆಯನ್ನು 1839ರಲ್ಲಿಯೇ ಬರೆದು ಹೆಸರಾಗಿದ್ದವನು. ಅವನ ಮರಣದ ಬಳಿಕ 1878ರಲ್ಲಿ ಪ್ರಕಟವಾದ, ಚಾಂದ್ ಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ ಕಾದಂಬರಿಗೆ ಜಲದುರ್ಗ, ಕೃಷ್ಣೆಯ ಪ್ರವಾಹ, ವಾಗಣಗೇರಾದ ಬೇಡರು ಬೇಕಾದರು. ಆತ್ಮಚರಿತ್ರೆಯಲ್ಲಿಯೂ ಅದೇ ಕೈ ಕೆಲಸ ಮಾಡಿದೆ. ಬಾಲಕ ಅರಸನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾಶವಾಗುತ್ತಾನೆಂಬ ಜಾತಕದ ಭವಿಷ್ಯವನ್ನು ಟೇಲರ್ ಮೊದಲೇ ಬಿತ್ತುತ್ತಾನೆ. 1858ರ ಪ್ರಕರಣ ಬರುವ ಹೊತ್ತಿಗೆ ಓದುಗನು ಕಾರಣಗಳನ್ನು ಕೇಳುವುದನ್ನು ಬಿಟ್ಟು ಭವಿಷ್ಯ ಫಲಿಸುವುದನ್ನೇ ಕಾಯುತ್ತಿರುತ್ತಾನೆ.

ನಡೆದದ್ದು ಸಂಕ್ಷೇಪವಾಗಿ ಇಷ್ಟು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗವಾಗಿ ಕ್ಯಾಪ್ಟನ್ ನ್ಯೂಬರಿ ಮಡಿದ. ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದ. ಮರಣದಂಡನೆಯು ಗಡೀಪಾರಾಗಿ, ಮತ್ತೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸವಾಗಿ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡು ತಗಲಿ ಅರಸ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಗುಂಡು ಹಾರಿದ್ದು ಅರಸನ ಕೈಯಿಂದಲೇ ಎಂಬುದು ಟೇಲರ್ ಕೊಡುವ ವೃತ್ತಾಂತ. ಸೆರೆಮನೆಯಲ್ಲಿ ಅರಸನನ್ನು ಕಂಡು ಮಾತಾಡಿದ್ದ ಟೇಲರ್ ಸಾವಿನ ಸ್ಥಳದಲ್ಲಿ ಇರಲಿಲ್ಲ. ಕೇಳಿ ತಿಳಿದದ್ದನ್ನು, ಅದೂ ಬಹಳ ವರ್ಷಗಳಾದ ಮೇಲೆ, ತನ್ನ ಕೊನೆಯ ದಿನಗಳಲ್ಲಿ ಬರೆದ. ಒಬ್ಬ ಅರಸನ ಸಾವಿಗೆ, ಒಂದು ಸಂಸ್ಥಾನದ ಅಳಿವಿಗೆ ಜಾತಕವೇ ಉಪಸಂಹಾರವಾದರೆ ಬೆಂಗಾವಲಿನ ಹೊಣೆ, ರೆಸಿಡೆನ್ಸಿಯ ಪಾತ್ರ, ಸಂಸ್ಥಾನದ ಸಾಲ ಇವುಗಳ ವಿಚಾರಣೆ ಅನಗತ್ಯವೆನಿಸಿಬಿಡುತ್ತದೆ. ಕನ್ನಡದಲ್ಲಿ ಈ ಪ್ರಕರಣವನ್ನು ಬಣ್ಣಿಸಿದ ಹಲವು ಬಿಡಿ ಲೇಖನಗಳು ಅರಸನನ್ನು ಹುತಾತ್ಮನೆಂದು ಕೊಂಡಾಡುತ್ತಲೇ ಟೇಲರನ ಕಥನಕ್ರಮವನ್ನು ಹಾಗೆಯೇ ಒಪ್ಪಿಕೊಂಡಿರುವುದು ವಿಚಿತ್ರ. ಆದ್ದರಿಂದ ಟೇಲರನ ಗ್ರಂಥವನ್ನು ಬಿಡುವಂತಿಲ್ಲ, ಮೊದಲ ಗ್ರಂಥವಾಗಿ ಕೊಡುವಂತೆಯೂ ಇಲ್ಲ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿಯ ಕಾಗದಪತ್ರಗಳೊಡನೆ ಅದನ್ನು ಪುಟಪುಟಕ್ಕೂ ಹೋಲಿಸಿ ಟಿಪ್ಪಣಿಯಿಟ್ಟ ಕನ್ನಡ ಆವೃತ್ತಿ ಸಿದ್ಧವಾಗಬೇಕು.

ಮೊದಲ ಗ್ರಂಥದ ಸ್ಥಾನ ಸಲ್ಲಬೇಕಾದದ್ದು ಕಪಟರಾಳ ಕೃಷ್ಣರಾಯರ ‘ಸುರಪುರ ಸಂಸ್ಥಾನದ ಇತಿಹಾಸ’ಕ್ಕೆ. ಸಂಸ್ಥಾನವನ್ನೇ ಕೇಂದ್ರವಾಗಿಟ್ಟುಕೊಂಡು ಕನ್ನಡದಲ್ಲಿ ಬರೆದ ಗ್ರಂಥವಿದು. ಇಲ್ಲಿ ಸುರಪುರ ದೆಹಲಿಯ ಇಲ್ಲವೆ ಹೈದರಾಬಾದಿನ ಅಡಿಟಿಪ್ಪಣಿಯಲ್ಲ. 1966ರ ಗುಲಬರ್ಗಾ ಜಿಲ್ಲಾ ಗ್ಯಾಸೆಟಿಯರ್ ಪರಾಮರ್ಶೆಗೆ ಸಾಕು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದನ್ನು ಮರೆಯದೆ ಅದರ ಗಡಿಗಳನ್ನು ಓದಿಕೊಳ್ಳಬೇಕು.

ಟೇಲರನ ಇನ್ನೊಂದು ಮುಖ ಅಷ್ಟಾಗಿ ಪರಿಚಿತವಲ್ಲ. ರಾಜನಕೋಳೂರು ಮೊದಲಾದೆಡೆಯ ಬೃಹತ್ ಶಿಲಾ ಗೋರಿಗಳನ್ನು ಅಳೆದು, ಚಿತ್ರ ಬರೆದು ಅವನು 1850ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಯುರೋಪಿನ ಡ್ರೂಯಿಡರನ್ನು ಕೃಷ್ಣೆ-ಭೀಮೆಗಳ ನಡುವೆ ತಂದು ನಿಲ್ಲಿಸಿದ ಅವನ ತೀರ್ಮಾನ ಬಿದ್ದುಹೋಗಿದೆ, ಅಳತೆಗಳು ಉಳಿದಿವೆ. ಒಂದು ಶತಮಾನ ಕಳೆದು ಕೆ. ಪದ್ದಯ್ಯನವರು ಅದೇ ದೋಆಬಿನಲ್ಲಿ ನಡೆದಾಡಿ ಇಲ್ಲಿಯ ನವಶಿಲಾಯುಗವನ್ನು ಕುರಿತು 1973ರಲ್ಲಿಯೂ ಹುಣಸಗಿ ಕಣಿವೆಯ ಅಶ್ಯೂಲಿಯನ್ ಸಂಸ್ಕೃತಿಯನ್ನು ಕುರಿತು 1982ರಲ್ಲಿಯೂ ಗ್ರಂಥಗಳನ್ನು ಹೊರತಂದರು. ಇಸಾಂಪುರದ ಕಲ್ಲಿನ ಆಯುಧಗಳ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಹೇಳಲಾಗಿದೆ. ಇವು ಇಂಗ್ಲಿಷಿನ ತಾಂತ್ರಿಕ ಗ್ರಂಥಗಳು, ಓದು ಸುಲಭವಲ್ಲ. ಆದರೂ ಕಲ್ಲು ಸಿಕ್ಕಿದ ಜಾಗದಲ್ಲಿ ನೀರು ಎಲ್ಲಿತ್ತು, ಆಹಾರ ಎಲ್ಲಿತ್ತು, ಜನ ಎಲ್ಲಿ ತಂಗಿದರು ಎಂದು ಕೇಳುವ ಅವರ ಕ್ರಮವನ್ನು ಮಧ್ಯಕಾಲದ ಇತಿಹಾಸಕಾರರೂ ಕಲಿಯಬೇಕಾಗಿದೆ. ಮೇಲೆ ಹೇಳಿದ ಬೇಡರ ಬಗ್ಗೆ ಕೇಳದೆ ಉಳಿದ ಪ್ರಶ್ನೆಗಳು ಇಂಥವೇ.

ತಿಂಥಣಿಗೆ ಹತ್ತಿರ ಬರುವ ಗ್ರಂಥಗಳು ಬೇರೆ ದಾರಿಯಿಂದ ಬಂದವು. ರಿಚರ್ಡ್ ಈಟನ್‌ರ ‘ಸೂಫೀಸ್ ಆಫ್ ಬಿಜಾಪುರ’ (1978) ಬೀಸುವ ಕಲ್ಲಿನ ಮುಂದೆ, ರಾಟೆಯ ಮುಂದೆ ಹೆಂಗಸರು ಹಾಡಿದ ದಖನಿ ಹಾಡುಗಳನ್ನು ಚರಿತ್ರೆಯ ಆಕರವಾಗಿ ಎತ್ತಿಕೊಂಡಿತು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ (1998) ಗ್ರಂಥಾಲಯವನ್ನು ಬಿಟ್ಟು ದರ್ಗಾ, ಗದ್ದುಗೆಗಳ ಅಂಗಳಕ್ಕೆ ಹೋಯಿತು. ಈ ಎರಡು ಗ್ರಂಥಗಳನ್ನು ಓದಿದವನಿಗೆ ಮೌನೇಶ್ವರರ ವಚನಗಳು ಭಕ್ತಿಸಾಹಿತ್ಯದ ಕಪಾಟಿನಲ್ಲಿ ಒಂಟಿಯಾಗಿ ಉಳಿಯುವುದಿಲ್ಲ. ಆದಿಲಶಾಹಿಯ ಕೊನೆಯ ದಿನಗಳಲ್ಲಿ, ಬೇಡ ನಾಯಕರ ನೆಲದಲ್ಲಿ, ಕಮ್ಮಾರ ಬಡಿಗರ ಕುಲದಿಂದ ಬಂದವನೊಬ್ಬ ಯಾರೊಡನೆ, ಯಾವ ಮಾತಿನಲ್ಲಿ ಬದುಕಿದ ಎಂಬುದಕ್ಕೆ ಅವು ಸಾಕ್ಷ್ಯವಾಗುತ್ತವೆ. ತಿಂಥಣಿಯ ದೇಗುಲದಲ್ಲಿ ಇಸ್ಲಾಮೀ ವಾಸ್ತುವಿನ ಲಕ್ಷಣಗಳು ಬೆರೆತಿರುವುದೂ ಅದೇ ಸಾಕ್ಷ್ಯದ ಕಲ್ಲಿನ ರೂಪ.

ಇಲ್ಲಿಯೂ ಒಂದು ಎಚ್ಚರ ಬೇಕು. ‘ಭಾವೈಕ್ಯ’ ಎಂಬ ಸಿದ್ಧ ಪದವನ್ನು ಹಚ್ಚಿ ಮುಗಿಸುವ ಉತ್ಸವ ಸಂಚಿಕೆಗಳು ಜಾತಕ ಹಚ್ಚಿ ಮುಗಿಸಿದ ಟೇಲರನಿಗಿಂತ ಮುಂದೆ ಹೋದಂತಲ್ಲ. ಯಾವ ಜಾತಿಯವರು ಯಾವ ಸೇವೆ ಮಾಡುತ್ತಾರೆ, ಜಮೀನು ಯಾರು ಕೊಟ್ಟರು, ಸಂಸ್ಥಾನದ ಅರಸರಿಗೂ ನಿಜಾಮನ ಅಧಿಕಾರಿಗಳಿಗೂ ಈ ಗದ್ದುಗೆಯೊಡನೆ ಎಂಥ ಸಂಬಂಧವಿತ್ತು ಎಂಬ ವಿವರಗಳು ವಚನಗಳ ಪಾಠದೊಡನೆ ಕೂಡಿ ಪ್ರಕಟವಾದಾಗ ಸುರಪುರದ ಕಪಾಟಿನಲ್ಲಿ ಕೃಷ್ಣರಾಯರ ಗ್ರಂಥದ ಪಕ್ಕದಲ್ಲಿ ಇಡಲು ಎರಡನೆಯ ಪುಸ್ತಕ ದೊರೆಯುತ್ತದೆ. ಟೇಲರನದು ಮೂರನೆಯದು.