‘ಸೀತಾ ರಾಮಂ’: ತಡವಾಗಿ ಬಂದ ಕಾಗದ

ಹನು ರಾಘವಪುಡಿ ಅವರು ನಿರ್ದೇಶಿಸಿದ ‘ಸೀತಾ ರಾಮಂ’ 2022ರ ಆಗಸ್ಟ್ 5ರಂದು ತೆರೆ ಕಂಡ ತೆಲುಗು ಚಿತ್ರ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಬಳಗದವರಲ್ಲಿ ಇದನ್ನು ನೋಡದ ಮನೆ ಅಪರೂಪ. ನಾನು ಮೊದಲು ಮಡದಿ ಮಕ್ಕಳೊಡನೆ ಚಿತ್ರಮಂದಿರದಲ್ಲಿ ನೋಡಿದೆ. ಮೊನ್ನೆ ಎರಡನೆಯ ಸಲ ಮನೆಯಲ್ಲೇ ಕುಳಿತು ನೋಡಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ಕಾಶ್ಮೀರದ ಹಿಮ. ಎರಡನೆಯ ಸಲ ಮನಸ್ಸಿಗೆ ತಾಕಿದ್ದು ಕಾಗದಗಳು. ಆದ್ದರಿಂದ ಈ ಬರಹದಲ್ಲಿ ಕಾಗದಗಳ ವಿಚಾರವೇ ಹೆಚ್ಚಾದರೆ ವಾಚಕರು ಕ್ಷಮಿಸಬೇಕು.

ಕಥೆಯ ಎಳೆ ಇಷ್ಟು. 1964ರಲ್ಲಿ ಕಾಶ್ಮೀರದ ಗಡಿಯಲ್ಲಿರುವ ಲೆಫ್ಟಿನೆಂಟ್ ರಾಮ್ ಹಿಂದೆ ಮುಂದೆ ಯಾರೂ ಇಲ್ಲದವನು. ಆಕಾಶವಾಣಿಯಲ್ಲಿ ಈ ಸಂಗತಿ ಬಿತ್ತರವಾಗಿ, ಅವನಿಗೆ ಕಾಗದ ಬರೆಯಿರೆಂದು ಕೇಳುಗರಲ್ಲಿ ಕೋರಿಕೆ ಹೋಗುತ್ತದೆ. ಮೂಟೆಗಟ್ಟಲೆ ಕಾಗದ ಬರುತ್ತವೆ. ಕಂಡರಿಯದ ಜನ ಬಂಧುಗಳಂತೆ ಬರೆಯುತ್ತಾರೆ. ಅವುಗಳಲ್ಲಿ ಒಂದು, ‘ನಾನು ನಿನ್ನ ಹೆಂಡತಿ’ ಎಂಬ ಸಲುಗೆಯಿಂದ ಸೀತಾಮಹಾಲಕ್ಷ್ಮಿ ಬರೆದದ್ದು. ಕಳಿಸಿದವರ ವಿಳಾಸವಿಲ್ಲ. ಕಾಗದದಲ್ಲಿ ಸಿಕ್ಕ ಸುಳಿವು ಹಿಡಿದು ರಾಮ್ ರೈಲಿನಲ್ಲಿ ಆಕೆಯನ್ನು ಕಂಡುಹಿಡಿಯುತ್ತಾನೆ. ಆಕೆ ನಿಜವಾಗಿ ಯಾರು ಎಂಬುದು ಅವನಿಗೆ ತಿಳಿಯುವುದು ಬಹಳ ತಡವಾಗಿ. ಇದನ್ನೆಲ್ಲ ನಮಗೆ ತೆರೆದು ತೋರಿಸುವವಳು 1985ರ ಅಫ್ರೀನ್ ಎಂಬ ಪಾಕಿಸ್ತಾನಿ ಹುಡುಗಿ. ತೀರಿಹೋದ ತಾತ, ಒಂದು ಹಳೆಯ ಕಾಗದವನ್ನು ಸೀತಾಮಹಾಲಕ್ಷ್ಮಿಗೆ ತಲುಪಿಸಿದರೆ ಮಾತ್ರ ಆಸ್ತಿ ಎಂದು ಕರಾರು ಹಾಕಿರುತ್ತಾನೆ. ಸಿಡುಕುತ್ತಲೇ ಆಕೆ ಹೈದರಾಬಾದಿಗೆ ಬಂದಿಳಿಯುತ್ತಾಳೆ. ಈ ಪಾತ್ರ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರದು.

ಕಥೆಯಲ್ಲಿ ನನಗೆ ಹಿಡಿಸಿದ ಮುಖ್ಯ ಅಂಶವೆಂದರೆ, ಸಂಬಂಧವಿಲ್ಲದವರು ಸಂಬಂಧಿಕರಾಗಿ ಬರೆಯುವುದು. ಸಹಿ ಸುಳ್ಳು, ಬರಹ ಸುಳ್ಳಲ್ಲ. ಇದು ಆಗುವ ಮಾತೇ ಎಂದು ಕೆಲವರು ಕೇಳಿದರು. ಆಗುತ್ತದೆ ಎಂದು ನಾನು ಹೇಳಬಲ್ಲೆ. ಏಕೆಂದರೆ ನಾಲ್ಕು ವರ್ಷ ಕಾಲ ನಾನು ಒಬ್ಬ ಸಿಪಾಯಿಗೆ ತಾಯಿಯಾಗಿ ಕಾಗದ ಬರೆದವನು.

ನನ್ನ ಗೆಳೆಯ ಪಿ.ಯು.ಸಿ. ಮುಗಿಸಿ 1997ರಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿದಳ ಕೇಂದ್ರಕ್ಕೆ ಭರ್ತಿಯಾದ. ನಾನು ರಾಯಚೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಮಾನ್ವಿ ತಾಲ್ಲೂಕಿನ ನಮ್ಮ ಊರಿನಲ್ಲಿ ಅವನ ತಾಯಿ ಒಬ್ಬಳೇ. ಓದು ಬರಹ ಬಾರದು. ಶನಿವಾರ ನಾನು ಊರಿಗೆ ಹೋದಾಗ ಅವನ ಕಾಗದ ಓದಿ ಹೇಳುವುದು, ಆಕೆ ಹೇಳಿದ್ದನ್ನು ನೀಲಿ ಇನ್‌ಲ್ಯಾಂಡ್ ಮೇಲೆ ಬರೆಯುವುದು ನನ್ನ ಪಾಲಿನ ಕೆಲಸ. ತರಬೇತಿ ಮುಗಿದ ಮೇಲೆ ವಿಳಾಸದಲ್ಲಿ ಊರಿನ ಹೆಸರೇ ಇರಲಿಲ್ಲ. ನಂಬರು, ಹುದ್ದೆ, ಹೆಸರು, ಪಲ್ಟನ್ನು, ಕೆಳಗೆ ‘56 ಎ.ಪಿ.ಓ.’ ಅಷ್ಟೇ. “ಅದು ಯಾವ ಊರಪ್ಪ, ಬರೀ ಲೆಕ್ಕದ ಊರು?” ಎಂದು ಆಕೆ ಕೇಳುವಳು. ಸೇನೆಯ ಅಂಚೆಯ ಕ್ರಮವೇ ಹಾಗೆ. ದಳ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯಬಾರದು.

ಆಕೆ ಹೇಳುವ ರೀತಿ ನನಗೆ ಈಗಲೂ ನೆನಪಿದೆ. “ಹೊಟ್ಟಿ ತುಂಬ ಉಣ್ಣು ಅಂತ ಬರಿ ತಮ್ಮಾ. ಎಮ್ಮಿ ಈದೈತಿ ಅಂತ ಬರಿ. ನಾ ಅಳ್ತೀನಿ ಅಂತ ಬರೀಬ್ಯಾಡ.” 1999ರ ಕಾರ್ಗಿಲ್ ಕಾಳಗದ ದಿನಗಳಲ್ಲಿ ಏಳು ವಾರ ಕಾಗದ ಬರಲಿಲ್ಲ. ದಿನಾ ಸಂಜೆ ರೇಡಿಯೋ ವಾರ್ತೆ ಮುಗಿದ ಮೇಲೆ ಆಕೆಯ ಪ್ರಶ್ನೆ ಒಂದೇ: “ಅವನ ಹೆಸರು ಹೇಳಿದ್ರೇನು?” ಇಲ್ಲವೆಂದರೆ ಏಳುವಳು, ಒಲೆ ಹೊತ್ತಿಸುವಳು. ಆಮೇಲೆ ಒಂದೇ ದಿನ ಎರಡು ಕಾಗದ ಬಂದವು. ಎರಡನ್ನೂ ನನ್ನಿಂದ ಮೂರು ಮೂರು ಸಲ ಓದಿಸಿದಳು.

ಈ ಕಾಯುವಿಕೆಯೇ ‘ಸೀತಾ ರಾಮಂ’ ಚಿತ್ರದಲ್ಲಿ ತೆಳುವಾಗಿದೆ. ಕಾಗದದ ಮೇಲೆ ನಿಂತ ಕಥೆಯಲ್ಲಿ ಕಾಗದ ನಡೆದು ಬಂದ ದಾರಿ ಅಷ್ಟಾಗಿ ಕಾಣುವುದಿಲ್ಲ. ಬರೆದದ್ದು ಬಂತು, ಬಂದದ್ದು ಓದಿದ, ಹಾಡು ಶುರುವಾಯಿತು. ನಡುವಿನ ಹತ್ತು ಹದಿನೈದು ದಿನ ಎಲ್ಲಿ ಹೋದವು? ಹಿಂದಿನ ಕಾಲದ ಪ್ರೇಮವೆಂದರೆ ಹಳೆಯ ಕಾರು, ಹಳೆಯ ಟೆಲಿಫೋನು, ಉದ್ದ ತೋಳಿನ ರವಿಕೆಯಷ್ಟೇ ಅಲ್ಲ. ಆ ಕಾಲದ ವಿಳಂಬವೂ ಅದರೊಳಗೆ ಇರಬೇಕು. ಅದರ ಬದಲು ನಿರ್ದೇಶಕರು ಒಂದೇ ಒಂದು ಕಾಗದವನ್ನು ಇಪ್ಪತ್ತು ವರ್ಷ ತಡಮಾಡಿಸಿ, ಉಳಿದ ಎಲ್ಲ ಕಾಗದಗಳ ತಡವನ್ನೂ ಅದರ ಮೇಲೆ ಹೊರಿಸಿದ್ದಾರೆ. ಒಪ್ಪುತ್ತೇನೆ, ಅದು ಜಾಣತನದ ಉಪಾಯ.

ಪಿ.ಎಸ್. ವಿನೋದ್ ಮತ್ತು ಶ್ರೇಯಸ್ ಕೃಷ್ಣ ಅವರ ಛಾಯಾಗ್ರಹಣ ಕಣ್ಣಿಗೆ ಹಬ್ಬ. ಹಬ್ಬ ಕೊಂಚ ಹೆಚ್ಚೇ ಆಯಿತು. ಅಷ್ಟು ಚಳಿಯಲ್ಲಿ ಯಾರ ತುಟಿಯೂ ಒಡೆಯುವುದಿಲ್ಲ. ವಿಶಾಲ್ ಚಂದ್ರಶೇಖರ್ ಅವರ ಸಂಗೀತ ಇಂಪಾಗಿದೆ. ದುಲ್ಕರ್ ಸಲ್ಮಾನ್ ಅವರ ರಾಮ್ ಇಂಥ ಅಳಿಯ ಸಿಗಲಿ ಎಂದು ತಾಯಂದಿರು ಹಾರೈಸುವಂಥವನು. ಆದರೆ ದೋಷವೇ ಇಲ್ಲದ ನಾಯಕನಿಗೆ ಬೆಳೆಯಲು ಜಾಗವೂ ಇರುವುದಿಲ್ಲ. ಮೊದಲ ದೃಶ್ಯದಲ್ಲಿ ಹೇಗಿದ್ದನೋ ಕೊನೆಯಲ್ಲೂ ಹಾಗೆಯೇ ಇದ್ದಾನೆ. ಬೆಳೆಯುವವಳು ಸೀತಾ. ಮರಾಠಿ ನಾಡಿನ ಮೃಣಾಲ್ ಠಾಕೂರ್ ಅವರು ಮಾತಿಗಿಂತ ಮೌನದಲ್ಲಿ ಹೆಚ್ಚು ಹೇಳಿದ್ದಾರೆ. ಆಕೆ ಹೈದರಾಬಾದಿನ ರಾಜಕುಮಾರಿ ನೂರ್ ಜಹಾನ್ ಎಂಬುದು ಈಗ ಗುಟ್ಟಾಗಿ ಉಳಿದಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು. ದೇಶದ ಮಾಜಿ ಅರಸರ ರಾಜಧನ ರದ್ದಾದದ್ದು 1971ರಲ್ಲಿ. ನಡುವಿನ ಈ ಕಾಲದಲ್ಲಿ ಅರಮನೆ ಇತ್ತು, ರಾಜ್ಯ ಇರಲಿಲ್ಲ. ಮನೆತನದ ಆಸ್ತಿ ಉಳಿಸಲು ಹೆಣ್ಣಿನ ಮದುವೆಯನ್ನು ಬೇರೆಡೆ ಗೊತ್ತುಮಾಡುವ ಪ್ರಸಂಗಕ್ಕೆ ಇಲ್ಲಿ ಒಳ್ಳೆಯ ತಳಹದಿಯಿತ್ತು. ಚಿತ್ರ ಅದನ್ನು ಆಭರಣ, ಝುಮರುಗಳಲ್ಲೇ ಮುಗಿಸಿಬಿಟ್ಟಿದೆ. ರಾಯಚೂರು, ಕಲಬುರಗಿ, ಬೀದರಗಳಿಂದ ಬಂದ ನಮಗೆ ಆ ಕಾಲದ ಕಥೆ ಅಜ್ಜಂದಿರ ಬಾಯಲ್ಲಿ ಕೇಳಿದ್ದು. ಅದಕ್ಕೇ ಈ ಕೊರತೆ ನಮಗೆ ಹೆಚ್ಚು ಕಾಣುತ್ತದೆ.

ಗಡಿಯಾಚೆಯ ಅಧಿಕಾರಿ ತಾರಿಕ್‌ನನ್ನು ಮನುಷ್ಯನಾಗಿ ಕಂಡಿರುವುದು ಚಿತ್ರದ ದೊಡ್ಡ ಗುಣ. ಸಚಿನ್ ಖೇಡೇಕರ್ ಕೆಲವೇ ದೃಶ್ಯಗಳಲ್ಲಿ ಇದ್ದರೂ ನೆನಪಿನಲ್ಲಿ ಉಳಿಯುತ್ತಾರೆ.

ಸಿನಿಮಾದ ರೂಢಿಯೊಂದಿದೆ. ಕಾಗದ ಬಿಚ್ಚಿದ ಕೂಡಲೇ ಬರೆದವರ ದನಿ ಕೇಳುತ್ತದೆ. ನನ್ನ ಅನುಭವದಲ್ಲಿ ಅದು ತಿರುಗುಮುರುಗು. ಮಗನ ಮಾತು ತಾಯಿಗೆ ಕೇಳಿಸಿದ್ದು ನನ್ನ ದನಿಯಲ್ಲಿ. ತಾಯಿಯ ಮಾತು ಮಗನಿಗೆ ಕಾಣಿಸಿದ್ದು ನನ್ನ ಅಕ್ಷರದಲ್ಲಿ. 2001ರಲ್ಲಿ ಆಕೆ ಹಾಸಿಗೆ ಹಿಡಿದಳು. “ಅರಾಮ ಇದ್ದೀನಿ ಅಂತ ಬರಿ” ಎಂದಳು. ಬೇರೆ ಬರೆಯುತ್ತೇನೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಕೆಯ ಕಾಗದ, ಆಕೆಯ ಮಾತು. ಹಾಗೆಯೇ ಬರೆದೆ, ಇಂದಾದರೂ ಹಾಗೆಯೇ ಬರೆಯುವೆ. ಆರನೆಯ ದಿನ ಆಕೆ ತೀರಿಕೊಂಡಳು. ತಂತಿ ಕೊಟ್ಟೆವು. ತಂತಿ ಕಾಗದಕ್ಕಿಂತ ಮುಂದೆ ಹೋಯಿತು. ಅವನು ಊರು ಮುಟ್ಟುವಾಗ ಮಣ್ಣಾಗಿ ಮೂರು ದಿನ ಕಳೆದಿತ್ತು. ರಜೆ ಮುಗಿಸಿ ದಳಕ್ಕೆ ಮರಳಿದಾಗ ಅಲ್ಲಿ ಅವನಿಗಾಗಿ ಆ ಇನ್‌ಲ್ಯಾಂಡ್ ಕಾದಿತ್ತು: ಅವ್ವ ಅರಾಮ ಇದ್ದಾಳೆ.

ಮರುವರ್ಷ ರಜೆಗೆ ಬಂದಾಗ ಅದನ್ನು ಅಂಗಿಯ ಕಿಸೆಯಿಂದ ತೆಗೆದು ನನ್ನ ಕೈಗೆ ಕೊಟ್ಟ. ಅವನಿಗೆ ಓದಲು ಬರುತ್ತದೆ. “ಅವ್ವ ಹೇಳಿದ್ಹಾಂಗ ಓದು” ಎಂದ. ಓದಿದೆ. ಮಡಚಿ ಮತ್ತೆ ಕಿಸೆಯಲ್ಲಿಟ್ಟುಕೊಂಡ. ಆ ವಿಷಯವಾಗಿ ನಮ್ಮಿಬ್ಬರ ನಡುವೆ ಮತ್ತೆಂದೂ ಮಾತು ಬಂದಿಲ್ಲ.

ಈಗ ಅವನು ಸೇನೆಯಿಂದ ನಿವೃತ್ತನಾಗಿ ರಾಯಚೂರಿನಲ್ಲಿ ಕಾವಲು ಕೆಲಸದಲ್ಲಿದ್ದಾನೆ. ತಂತಿ ಸೇವೆ 2013ರಲ್ಲಿ ನಿಂತಿತು. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ನಮ್ಮಿಬ್ಬರ ನಡುವೆ ಈಗ ಇರುವುದು ದಿನಾ ಬೆಳಿಗ್ಗೆ ಮೊಬೈಲಿಗೆ ಬರುವ ಉದಯಿಸುವ ಸೂರ್ಯನ ಚಿತ್ರ, ಕೆಳಗೆ ಶುಭೋದಯ. ಈ ಸಿನಿಮಾ ನೋಡು ಎಂದು ಹೇಳಿದ್ದೆ, ನೋಡಿದನಂತೆ. “ಛಲೋ ಐತಿ. ಆದ್ರ ಅದು ಆಫೀಸರನ ಕಥಿ. ಸಿಪಾಯಿಗೆ ಕಾಗದ ಬರೀರಿ ಅಂತ ರೇಡಿಯೋದಾಗ ಯಾರು ಹೇಳ್ತಾರ?” ಎಂದ. ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಬಂದಿಲ್ಲ. ರಾಮ್ ಅನಾಥನಿರಬಹುದು, ಆದರೆ ಹುದ್ದೆಯುಳ್ಳ ಅನಾಥ. ಅವನ ಕೈಕೆಳಗಿನ ಜವಾನರಿಗೂ ಕಾಗದ ಬರುತ್ತಿದ್ದವೇ, ಬಾರದವರು ಏನು ಮಾಡುತ್ತಿದ್ದರು ಎಂಬ ಕಡೆ ಕ್ಯಾಮೆರಾ ಹೊರಳುವುದು ಕಡಿಮೆ.

ಉತ್ತರಾರ್ಧದಲ್ಲಿ ಗೂಢಚರ್ಯೆ, ಸೆರೆಮನೆಗಳು ಬಂದು ಕಥೆ ಸ್ವಲ್ಪ ಮುಗ್ಗರಿಸುತ್ತದೆ. ಎರಡು ಮುಕ್ಕಾಲು ಗಂಟೆಯ ಹತ್ತಿರದ ಚಿತ್ರದಲ್ಲಿ ಇಪ್ಪತ್ತು ನಿಮಿಷ ಕತ್ತರಿಸಬಹುದಿತ್ತು. ಕೊನೆಯ ಕಾಗದದಲ್ಲಿ ಏನಿದೆಯೆಂದು ನಾನು ಹೇಳುವುದಿಲ್ಲ. ಇನ್ನೂ ನೋಡದವರು ಇದ್ದಾರೆ. ಅಲ್ಲಿ ವಾದ್ಯಮೇಳವನ್ನು ತುಸು ತಗ್ಗಿಸಿ, ಬರಿಯ ಕಾಗದದ ಸದ್ದು ಕೇಳಿಸಿದ್ದರೆ ಚೆನ್ನಾಗಿತ್ತು. ಹಾಗಿದ್ದೂ ಆ ಹೊತ್ತಿನಲ್ಲಿ ನನ್ನ ಕಣ್ಣು ರಾಜಕುಮಾರಿಯ ಮೇಲಿರಲಿಲ್ಲ, ಕಾಗದ ತಂದ ಅಫ್ರೀನಳ ಮೇಲಿತ್ತು. ರಶ್ಮಿಕಾ ಅಲ್ಲಿ ಹೆಚ್ಚೇನೂ ನಟಿಸುವುದಿಲ್ಲ. ಬೇರೆಯವರ ಕಾಗದದ ಮುಂದೆ ನಿಂತವರು ಎಲ್ಲಿ ನೋಡಬೇಕೆಂದು ತಿಳಿಯದೆ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದಾರೆ.