ಅರ್ಧ ಬಾಳಿನ ಲೆಕ್ಕ: ಬನಾರಸೀದಾಸನ ‘ಅರ್ಧಕಥಾನಕ’

ಜೈನ ವರ್ತಕಕವಿ ಬನಾರಸೀದಾಸನು 1641ರಲ್ಲಿ ಆಗ್ರಾದಲ್ಲಿ ರಚಿಸಿದ ‘ಅರ್ಧಕಥಾನಕ’ವನ್ನು ಭಾರತೀಯ ಭಾಷೆಗಳ ಮೊದಲ ಆತ್ಮಚರಿತ್ರೆಯೆಂದು ಕೊಂಡಾಡುವುದು ವಾಡಿಕೆಯಾಗಿದೆ. ಈ ಪ್ರಶಂಸೆಯು ಕೃತಿಯನ್ನು ಮುಂದೆ ಬಂದ ಪ್ರಕಾರವೊಂದರ ಪೀಠಿಕೆಯನ್ನಾಗಿಸಿ, ಅದರ ಸ್ವಂತ ಕ್ರಮವನ್ನು ಮರೆಸುತ್ತದೆ.

ಮನುಷ್ಯಾಯುಷ್ಯವನ್ನು 110 ವರ್ಷವೆಂದೆಣಿಸಿ, 55ರಲ್ಲಿ ನಿಂತು ಹಿಂದಿರುಗಿ ನೋಡುವ ಇಲ್ಲಿನ ಕ್ರಮವು ವರ್ತಕನ ಲೆಕ್ಕದ ಕ್ರಮ. ಅಜ್ಜ ಮೂಲದಾಸನ ಮರಣಾನಂತರ ಆಸ್ತಿ ಮುಟ್ಟುಗೋಲಾದುದು, ತಂದೆ ಖರಗಸೇನನು ಜೌನಪುರದಲ್ಲಿ ಆಶ್ರಯ ಪಡೆದುದು, ತನ್ನ ಆಗ್ರಾ ಪ್ರಯಾಣ ತಂದ ನಷ್ಟ ಎಲ್ಲವೂ ಜಮಾಖರ್ಚಿನಂತೆ ದಾಖಲಾಗುತ್ತವೆ. ಓದುಬರಹಗಳೂ ಈ ಲೆಕ್ಕಕ್ಕೆ ಹೊರತಲ್ಲ. ವ್ಯಾಪಾರ ಕೆಟ್ಟ ದಿನಗಳಲ್ಲಿ ‘ಮಧುಮಾಲತಿ’, ‘ಮೃಗಾವತಿ’ ಎಂಬ ಸೂಫಿ ಪ್ರೇಮಕಾವ್ಯಗಳನ್ನು ರಾತ್ರಿ ನೆರೆದವರಿಗೆ ಓದಿ ಹೇಳಿದವನೇ, ತಾನು ಬರೆದ ಶೃಂಗಾರಪದ್ಯಗಳ ಹಸ್ತಪ್ರತಿಯನ್ನು ಗೋಮತಿ ನದಿಗೆಸೆದವನು.

ಪಂಪನೂ ‘ವಿಕ್ರಮಾರ್ಜುನವಿಜಯ’ದಲ್ಲಿ ತನ್ನ ವಂಶವನ್ನೂ ತಂದೆಯು ಜೈನಧರ್ಮವನ್ನು ಸ್ವೀಕರಿಸಿದುದನ್ನೂ ಹೇಳುತ್ತಾನೆ. ಆದರೆ ಅಲ್ಲಿ ವಂಶಕಥನವು ಕವಿಯ ಹಿರಿಮೆಗೆ ಆಧಾರ. ಇಲ್ಲಿ ಅದು ಏಳುಬೀಳುಗಳ ಮೊದಲ ಪುಟ.

ಈ ಕ್ರಮಕ್ಕೂ ಒಂದು ಎಲ್ಲೆಯುಂಟು. ಒಂಬತ್ತು ಮಕ್ಕಳೂ ತೀರಿಕೊಂಡುದನ್ನು ಕವಿ ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತಾನೆ. ಮುಂದೆ ತನ್ನ ಗುಣಗಳನ್ನೂ ದೋಷಗಳನ್ನೂ ಪಟ್ಟಿಮಾಡುವಾಗ ಈ ದುಃಖಕ್ಕೆ ಯಾವ ಪಟ್ಟಿಯಲ್ಲೂ ಸ್ಥಾನವಿಲ್ಲ. ಪಾಪನಿವೇದನೆಯ ಮಾದರಿಯಿಂದ ಅಳೆಯುವವರಿಗೆ ಈ ಸಂಕ್ಷೇಪವು ಕೊರತೆಯಾಗಿ ತೋರೀತು. ವಾಸ್ತವವಾಗಿ, ಲೆಕ್ಕಕ್ಕೆ ಸಿಗದುದನ್ನು ಲೆಕ್ಕದ ಭಾಷೆಯಲ್ಲೇ ಕಾಣಿಸಿದುದು ಈ ಕೃತಿಯ ಸಿದ್ಧಿ. ‘ಮೊದಲನೆಯದು’ ಎಂಬ ಬಿರುದಿಗಿಂತ ಈ ಸಿದ್ಧಿಯೇ ನಮ್ಮ ಅಧ್ಯಯನಕ್ಕೆ ಅರ್ಹವಾದುದು.